ನಮ್ಮ ಸಂಧಾನಪ್ಪನವರು

ಪ್ರತಿ ಸರ್ಕಾರಿ ಕಚೇರಿಯಲ್ಲೂ ಒಬ್ಬ ಸಂಧಾನಪ್ಪನವರು ಇರುತ್ತಾರೆ. ಹುದ್ದೆ ಪ್ರಥಮ ದರ್ಜೆ ಸಹಾಯಕ. ಹೆಚ್ಚುವರಿ ಪ್ರಭಾರ, ಸಹೋದ್ಯೋಗಿಗಳ ರಾಜಕೀಯ ಜಗಳ. ನೌಕರರು ರಾಜಕೀಯದಿಂದ ದೂರವಿರಬೇಕು ಎನ್ನುತ್ತದೆ ನಡತೆ ನಿಯಮ. ಹನ್ನೊಂದು ಗಂಟೆಯ ಚಹಾಕ್ಕೆ ಅದು ಅನ್ವಯಿಸುವುದಿಲ್ಲ ಎಂಬುದು ನಮ್ಮೆಲ್ಲರ ಸರ್ವಾನುಮತದ ವ್ಯಾಖ್ಯಾನ.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲಂತೂ ಅವರಿಗೆ ಪುರುಸೊತ್ತೇ ಇಲ್ಲ.

‘ದುಡ್ಡು ಕೊಟ್ಟು ನಿಂತು ಬರೋರು ನಾವು, ಜೀರೋ ಟಿಕೆಟ್‌ನವರಿಗೆ ಕಿಟಕಿ ಸೀಟು!’ ಎಂದು ಲೆಕ್ಕಪತ್ರ ವಿಭಾಗದ ರಾಯರು ಗುಡುಗುತ್ತಾರೆ.

‘ಅಷ್ಟು ಹೊಟ್ಟೆಕಿಚ್ಚಿದ್ರೆ ಸೀರೆ ಉಟ್ಕೊಂಡು ಬನ್ನಿ’ ಎಂದು ಟಪಾಲಿನ ಮೇಡಂ ಸಿಡಿಯುತ್ತಾರೆ.

‘ಆಧಾರ್ ಕೇಳ್ತಾರಲ್ಲಮ್ಮ!’

ಸಂಧಾನಪ್ಪನವರು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿ ಎಳೆದುಕೊಂಡು, ಡಾಕ್ಟರ ದನಿಯಲ್ಲಿ ಕೇಳುತ್ತಾರೆ: ‘ನೋವು ಎಲ್ಲಿ, ಸಾರ್?’

ನೋವು ಬಸ್ಸಿನಲ್ಲಿ ಇರುವುದೇ ಇಲ್ಲ. ರಾಯರ ತಂದೆ ಯಾರ ಹಂಗಿಗೂ ಬೀಳದೆ ಮಕ್ಕಳನ್ನು ಓದಿಸಿದವರು. ಬಿಟ್ಟಿ ಎಂದರೆ ರಾಯರಿಗೆ ಮೈಯೆಲ್ಲ ಉರಿ. ಮೇಡಂ ಅವರ ತಾಯಿ ತವರಿಗೆ ಹೋಗಬೇಕಾದರೆ ಬಸ್‌ ಚಾರ್ಜಿಗೆ ಗಂಡನ ಮುಖ ನೋಡುತ್ತಿದ್ದವರು.

‘ಕೈ ಚಾಚಬಾರದು ಅನ್ನೋದು ಇಬ್ಬರದ್ದೂ. ಒಬ್ಬರಿಗೆ ಸರ್ಕಾರದ ಮುಂದೆ, ಇನ್ನೊಬ್ಬರಿಗೆ ಗಂಡನ ಮುಂದೆ. ಅಷ್ಟೇ ತಾನೆ?’ ಎಂದು ತೀರ್ಪು ಹೊರಬೀಳುತ್ತದೆ. ಯಾರ ವೋಟೂ ಬದಲಾಗುವುದಿಲ್ಲ. ಆದರೆ ಮೇಡಂ ಡಬ್ಬಿಯ ಕೋಡುಬಳೆ ರಾಯರ ಮೇಜಿನವರೆಗೂ ಹೋಗುತ್ತದೆ. ಆ ಹೊತ್ತಿಗೆ ಹನ್ನೆರಡು ಗಂಟೆ. ಸಹಿಗೆ ಬಂದ ರೈತ ಹೊರಗೆ ಬೆಂಚಿನ ಮೇಲೆ.

ಇಂಥವರೂ ಒಂದು ದಿನ ಜಾರಿದರು. ‘ಹಳೇ ಪಿಂಚಣಿ ಎಲ್ಲರಿಗೂ ಕೊಟ್ರೆ ಖಜಾನೆ ಗತಿ ಏನ್ರೀ?’ ಎಂದರು ರಾಯರು. 2006ರ ಏಪ್ರಿಲ್ 1ಕ್ಕೆ ಮೊದಲೇ ಕೆಲಸಕ್ಕೆ ಸೇರಿ ಹಳೇ ಪಿಂಚಣಿ ಗಟ್ಟಿ ಮಾಡಿಕೊಂಡವರು ಅವರು. ಸಂಧಾನಪ್ಪನವರು ಆಮೇಲೆ ಸೇರಿ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟನ್ನು ತಿಂಗಳು ತಿಂಗಳೂ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಕಟ್ಟುತ್ತಿರುವವರು. ಲೋಟ ಕುಕ್ಕಿದ ರಭಸಕ್ಕೆ ಚಹಾ ಕಡತದ ಮೇಲೆ ಹರಿಯಿತು.

ಮೇಡಂ ಮೆಲ್ಲಗೆ ಕೇಳಿದರು: ‘ನೋವು ಎಲ್ಲಿ, ಸಾರ್?’

‘ಪೇ ಸ್ಲಿಪ್ಪಲ್ಲಿ ಕಣ್ರೀ!’

ನಿಮ್ಮ ಕಚೇರಿಯಲ್ಲೂ ಸಂಧಾನಪ್ಪನವರಿದ್ದರೆ ಅವರಿಗೆ ವರ್ಗವಾಗದಂತೆ ನೋಡಿಕೊಳ್ಳಿ. ಪಕ್ಷ, ಚುನಾವಣೆ, ಗ್ಯಾರಂಟಿ, ಏನು ಬೇಕಾದರೂ ಅವರ ಮುಂದೆ ಮಾತಾಡಿ. ಪಿಂಚಣಿ ಸುದ್ದಿ ಮಾತ್ರ ಎತ್ತಬೇಡಿ.