ಯಾರ ಕೋಣೆಯ ಉಷ್ಣತೆ?

ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಏಕೈಕ ಅಲೋಹ ಯಾವುದು? ಹೈಸ್ಕೂಲು ದಾಟಿದವರೆಲ್ಲ ಒಂದು ಅಂಕಕ್ಕಾಗಿ ಉರುಹೊಡೆದ ಪ್ರಶ್ನೆ. ಬ್ರೋಮಿನ್ ಎಂದು ಗೀಚಿ ಮುಂದಿನದಕ್ಕೆ ಹೋದೆವೇ ಹೊರತು, ಯಾರ ಕೋಣೆ ಸ್ವಾಮೀ ಎಂದು ಕೇಳಲಿಲ್ಲ. ಮಡಿಕೇರಿಯ ಮಳೆಗಾಲದ ಕೋಣೆಯೋ, ಕಲಬುರಗಿಯ ಮೇ ತಿಂಗಳ ತಗಡಿನ ಮಾಡಿನ ಕೋಣೆಯೋ? ಪುಸ್ತಕದವರು ಸಾಮಾನ್ಯವಾಗಿ 25 ಡಿಗ್ರಿ ಎಂದು ಹಿಡಿಯುತ್ತಾರೆ. ಅಂಥ ಕೋಣೆ ವರ್ಷವಿಡೀ ಸಿಗುವುದಾದರೆ ಅಡ್ವಾನ್ಸ್ ಕೊಡಲು ನಾನು ತಯಾರು.

ಆ ಸುಖದ ಕೋಣೆಯಲ್ಲಿ ಹೈಡ್ರೋಜನ್, ಸಾರಜನಕ, ಆಮ್ಲಜನಕ, ಹೀಲಿಯಂ ಬಳಗವೆಲ್ಲ ಅನಿಲ. ಇದ್ದಿಲು, ಗಂಧಕ, ರಂಜಕ, ಅಯೋಡಿನ್ ಗಟ್ಟಿ. ಹರಿಯುವುದು ಬ್ರೋಮಿನ್ ಒಂದೇ. ಅದನ್ನೂ ಪೂರ್ತಿ ನಂಬುವಂತಿಲ್ಲ. ಬಾಯಿ ಕರಗಿಸಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ನೋಡಬೇಕು: ತಳದಲ್ಲಿ ಕಪ್ಪಿಗೆ ತಿರುಗಿದ ಕೆಂಪು ದ್ರವ, ನೀರಿಗಿಂತ ಮೂರು ಪಟ್ಟು ಭಾರ, ಮೇಲಿನ ಖಾಲಿ ಜಾಗದ ತುಂಬ ಕಿತ್ತಳೆಗಂದು ಆವಿ. ಕುದಿಯಲು 58.8 ಡಿಗ್ರಿ ಸಾಕು. ನಮ್ಮ ಮನೆಯ ಕಾಫಿ ಅದಕ್ಕಿಂತ ಬಿಸಿ.

ದೊಡ್ಡವರೂ ಇದರಲ್ಲಿ ಏಮಾರಿದ್ದಾರೆ. 1826ರಲ್ಲಿ ಫ್ರಾನ್ಸಿನ ಬಲಾರ್ ಎಂಬ ತರುಣ ಉಪ್ಪುನೀರಿನಿಂದ ಇದನ್ನು ತೆಗೆದು, ಹೊಸ ಧಾತು ಎಂದು ಸಾರಿದ. ಜರ್ಮನಿಯ ಲೀಬಿಗ್ ಬಳಿ ಅದೇ ದ್ರವ ಮೊದಲೇ ಸೀಸೆಯಲ್ಲಿ ಕೂತಿತ್ತಂತೆ, ಅಯೋಡಿನ್ ಕ್ಲೋರೈಡ್ ಎಂಬ ಚೀಟಿ ಅಂಟಿಸಿಕೊಂಡು! ಪಾಪ, ಅವನ ಊಹೆ ತೀರಾ ದಿಕ್ಕು ತಪ್ಪಿದ್ದೇನಲ್ಲ. ಈ ಮನೆತನದಲ್ಲಿ ಅಣು ದೊಡ್ಡದಾದಷ್ಟೂ ಪರಸ್ಪರ ಸೆಳೆತ ಜಾಸ್ತಿ. ಸಣ್ಣ ಕ್ಲೋರಿನ್ ಹಾರಾಡುತ್ತದೆ, ದೊಡ್ಡ ಅಯೋಡಿನ್ ಹರಳುಗಟ್ಟುತ್ತದೆ, ಬ್ರೋಮಿನ್ ಎರಡಕ್ಕೂ ನಡುವೆ.

ಇನ್ನು ಕೋಣೆ ಬದಲಿಸೋಣ. ಬಿಳಿ ರಂಜಕ ಕರಗುವುದು 44 ಡಿಗ್ರಿಯ ಆಸುಪಾಸಿನಲ್ಲಿ. ಕಲಬುರಗಿಯ ಬಿಸಿಲು ಅದನ್ನು ದಾಟಿದ ಮಧ್ಯಾಹ್ನ, ಲ್ಯಾಬಿನ ಫ್ಯಾನೂ ಬಿಸಿಗಾಳಿ ಬೀಸುತ್ತಿದ್ದರೆ, ನೀರಿನಲ್ಲಿ ಮುಳುಗಿಸಿಟ್ಟ ರಂಜಕದ ತುಂಡು ಮೆತ್ತಗೆ ಕರಗಿ ಬ್ರೋಮಿನ್ ಪಕ್ಕ ಬಂದು ನಿಲ್ಲುತ್ತದೆ. ‘ಏಕೈಕ’ಕ್ಕೆ ಅಲ್ಲಿಗೆ ಎಳ್ಳುನೀರು.

ಸೈಬೀರಿಯಾದ ಯಾಕುತ್ಸ್ಕ್‌ನಲ್ಲಿ ಕಥೆ ತಿರುಗಾಮುರುಗಾ. ಮನೆಯೊಳಗೆ ಅವರದು ಬೆಚ್ಚನೆಯ ಕಾರುಬಾರು, ನಮ್ಮ ಮಡಿಕೇರಿಗಿಂತ ವಾಸಿ. ಆದರೆ ಜನವರಿಯ ಅಂಗಳದಲ್ಲಿ ಮೈನಸ್ 40 ಎಂದರೆ ಮಾಮೂಲು. ಮೈನಸ್ 7ಕ್ಕೇ ಹೆಪ್ಪುಗಟ್ಟುವ ಬ್ರೋಮಿನ್ ಅಲ್ಲಿ ಕಲ್ಲು. ಮೈನಸ್ 34ಕ್ಕೆ ದ್ರವವಾಗುವ ಕ್ಲೋರಿನ್‌ಗೇ ಆ ಒಂದು ಅಂಕ. ಪಕ್ಕದ ಪ್ರಶ್ನೆಯ ದ್ರವ ಲೋಹ ಪಾದರಸವೂ ಮೈನಸ್ 39ಕ್ಕೇ ಗಟ್ಟಿಯಾಗಿರುತ್ತದೆ. ಅದರ ಜಾಗಕ್ಕೆ ಬೇರೆ ಯಾವ ಲೋಹವೂ ಇಲ್ಲ. ಮಕ್ಕಳಿಗೆ ಗ್ರೇಸ್ ಮಾರ್ಕು ಕೊಡದೆ ವಿಧಿಯಿಲ್ಲ.