ಋತುಚರ್ಯೆಗೆ ಚಂದಾ

ಆರು ಋತುಗಳಿಗೆ ತಕ್ಕ ಆಹಾರವಿಹಾರಗಳ ಕ್ರಮವನ್ನು, ಅಂದರೆ ಋತುಚರ್ಯೆಯನ್ನು, ವಾಗ್ಭಟನ ‘ಅಷ್ಟಾಂಗಹೃದಯ’ವು ಸೂತ್ರಸ್ಥಾನದ 3ನೆಯ ಅಧ್ಯಾಯದಲ್ಲಿ ವಿವರಿಸಿರುವುದರಿಂದ, ಹೊಸಬರಿಗಾಗಿ ವರ್ಷವಿಡೀ ನಡೆಯುವ ಆನ್‌ಲೈನ್ ಆರೋಗ್ಯ ಕೋರ್ಸಿಗೆ ಪಠ್ಯ ಸಿದ್ಧವೇ ಇದೆಯೆಂದು ಭಾವಿಸಿದ ಬೆಂಗಳೂರಿನ ವ್ಯವಸ್ಥಾಪಕರೊಬ್ಬರು, ಮೊದಲು ದರಪಟ್ಟಿಯನ್ನು ಪ್ರಕಟಿಸಿ, ಆಮೇಲೆ ವೈದ್ಯರನ್ನು ಕರೆಸಿದರು.

“ಬ್ರಾಹ್ಮೀ ಮುಹೂರ್ತದಲ್ಲಿ, ಎಂದರೆ ಸೂರ್ಯೋದಯಕ್ಕೆ ಸುಮಾರು ಒಂದೂವರೆ ಗಂಟೆ ಮೊದಲೇ, ಏಳಬೇಕು.”

“ರೆಕಾರ್ಡಿಂಗ್ ಹಾಕಿಬಿಡೋಣ ಪಂಡಿತರೇ, ಹತ್ತು ಗಂಟೆಗೆ ಎದ್ದು ನೋಡಿಕೊಳ್ಳುತ್ತಾರೆ.”

“ಹಗಲುನಿದ್ರೆ ಸಾಮಾನ್ಯವಾಗಿ ವರ್ಜ್ಯ, ಗ್ರೀಷ್ಮದಲ್ಲಿ ಅನುಮತಿಯುಂಟು.”

“ಅದನ್ನೇ ಉಚಿತ ಪಾಠವಾಗಿ ಮೊದಲು ಬಿಡೋಣ!”

“ನಮ್ಮ ಗ್ರೀಷ್ಮದಲ್ಲಿ ಮೆಲ್ಬರ್ನಿನ ಕನ್ನಡಿಗರು ಚಳಿಗೆ ನಡುಗುತ್ತಿರುತ್ತಾರಲ್ಲ, ಸ್ವಾಮಿ?”

“ಅವರಿಗೆ ದರವೂ ಡಾಲರಿನಲ್ಲೇ ಇದೆ.”

ಒಂದು ಋತುವಿನ ಕೊನೆಯ 7 ದಿನಗಳೂ ಮುಂದಿನದರ ಮೊದಲ 7 ದಿನಗಳೂ ಸೇರಿದ ಅವಧಿಯೇ ಋತುಸಂಧಿಯೆಂದೂ, ಆಗ ಹಳೆಯ ಅಭ್ಯಾಸವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕೆಂದೂ ವೈದ್ಯರು ವಿವರಿಸಿದಾಗ, ಅದುವರೆಗೆ ಮೊಬೈಲ್ ನೋಡುತ್ತಿದ್ದ ವ್ಯವಸ್ಥಾಪಕರು (ಶಾಸ್ತ್ರಜಿಜ್ಞಾಸೆಗೆ ಇದೂ ಒಂದು ಭಂಗಿ) ತಟ್ಟನೆ ತಲೆಯೆತ್ತಿದರು.

“ಚಂದಾ ನವೀಕರಣಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತವುಂಟೇ? ಅಭ್ಯಾಸವನ್ನು ಅವರು ಮೆಲ್ಲಗೇ ಬಿಡಲಿ. ಹಣ ಮಾತ್ರ ಒಂದೇ ಸಲಕ್ಕೆ ಕಟ್ ಆಗಲಿ!”