ಸುಮ್ನ ಕುಂತ ವೈರು

ಬನಹಟ್ಟಿಯವರ ಕಣ್ಣೆದುರು ಎಳೆಯ ತುದಿಯೊಂದು ಜೋತಾಡುತ್ತಿದ್ದರೆ ಅದಕ್ಕೆ ಉಳಿಗಾಲವಿಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವರಿಗೆ ಹರಿದ ಎಳೆ ಕಂಡ ಕೂಡಲೇ ಬೆರಳು ತಾನಾಗಿ ಗಂಟು ಹಾಕುತ್ತದೆ. ತಲೆಗೆ ಸುದ್ದಿ ಮುಟ್ಟುವುದು ಆಮೇಲೆ. ಸೀರೆಯ ಮಟ್ಟಿಗೆ ಇದು ವರ. ಕಂಪ್ಯೂಟರ್ ಜಾಲದ ಮಟ್ಟಿಗೆ ನನ್ನ ಹೊಟ್ಟೆಪಾಡು.

ಆ ಕಡೆಯ ಕಚೇರಿಯೊಂದರಲ್ಲಿ (ಯಾವುದೆಂದು ಕೇಳಬೇಡಿ, ನನ್ನ ಬಿಲ್ಲು ಇನ್ನೂ ಅವರ ಮೇಜಿನ ಮೇಲಿದೆ) ಒಂದು ಮುಂಜಾನೆ ಕಂಪ್ಯೂಟರುಗಳೆಲ್ಲ ಒಟ್ಟಿಗೇ ಮಾತು ಬಿಟ್ಟವು. ನಾನು ಹೋಗಿ ನೋಡಿದರೆ ಕಂಪ್ಯೂಟರುಗಳ ವೈರು ಬಂದು ಸೇರುವ ಸ್ವಿಚ್ಚು ಪೆಟ್ಟಿಗೆಗಳ ದೀಪಗಳೆಲ್ಲ ಒಂದೇ ತಾಳಕ್ಕೆ ಪಟಪಟ ಮಿನುಗುತ್ತಿವೆ. “ಕೆಲಸ ಭಾರಿ ನಡದಂಗ ಕಾಣ್ತದ್ರಿ, ಆದ್ರ ಏನೂ ಆಗವಲ್ದು” ಎಂದರು ಮ್ಯಾನೇಜರು. ಕಚೇರಿಗಳ ಬಗ್ಗೆ ಇಷ್ಟು ಕರಾರುವಾಕ್ಕಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ವಿಚಾರಿಸಿದಾಗ ಸಿಪಾಯಿ ಮುಂದೆ ಬಂದ. “ಕಸ ಹೊಡಿಯೋವಾಗ ನೀಲಿ ವೈರಿನ ತುದಿ ಜೋತಾಡತಿತ್ರಿ. ಬಾಜೂಕ ತೂತೂ ಖಾಲಿ ಇತ್ತು. ಕೂಡಿಸೀನಿ.” ಹರಿದ ಎಳೆಗೆ ಗಂಟು ಹಾಕಿದವನ ನೆಮ್ಮದಿ ಮುಖದ ಮೇಲೆ.

ಅಲ್ಲಿನ ಮೂರು ಸ್ವಿಚ್ಚುಗಳಿಗೆ ನಾನೇ ಊರಿನ ಹೆಸರು ಅಂಟಿಸಿದ್ದೆ. ಕೆಳಗಿನದು ಜಮಖಂಡಿ, ಮಹಡಿಯದು ಮುಧೋಳ, ಹಿಂದಿನ ಕೋಣೆಯ ಹಳೇ ಪೆಟ್ಟಿಗೆ ಬೀಳಗಿ. ಜಮಖಂಡಿಯಿಂದ ಮುಧೋಳಕ್ಕೊಂದು ವೈರು, ಬೀಳಗಿಗೊಂದು. ಮುಧೋಳ-ಬೀಳಗಿ ನಡುವಿನದು ತುದಿ ಬಿಟ್ಟುಕೊಂಡಿತ್ತು. ಸಿಪಾಯಿ ಅದನ್ನು ಕೂಡಿಸಿದ್ದೇ ತ್ರಿಕೋನ ಪೂರ್ತಿಯಾಯಿತು.

ಜಾಲದಲ್ಲಿ ಕಂಪ್ಯೂಟರೊಂದು ಪ್ರಿಂಟರನ್ನು ಹುಡುಕಬೇಕಾದರೆ “ಈ ವಿಳಾಸದವರು ಯಾರಪ್ಪಾ?” ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಇಂಥ ಕೂಗು ಬಂದರೆ ಅದು ಬಂದ ಬಾಗಿಲೊಂದನ್ನು, ಅಂದರೆ ವೈರಿನ ತೂತನ್ನು, ಬಿಟ್ಟು ಮಿಕ್ಕೆಲ್ಲ ಬಾಗಿಲಿನಿಂದ ಆಚೆ ಕಳಿಸುವುದು ಸ್ವಿಚ್ಚಿನ ಧರ್ಮ. ಜಮಖಂಡಿಯಲ್ಲಿ ಎದ್ದ ಕೂಗಿನ ಒಂದು ಪ್ರತಿ ಮುಧೋಳದ ಮೇಲೆ ಹಾದು ಬೀಳಗಿಗೆ, ಇನ್ನೊಂದು ಬೀಳಗಿಯ ಮೇಲೆ ಹಾದು ಮುಧೋಳಕ್ಕೆ. ಎರಡೂ ಜಮಖಂಡಿಗೆ ವಾಪಸು. ಜಮಖಂಡಿಗೆ ಅದು ತನ್ನದೇ ಮಾತೆಂಬ ಗುರುತು ಸಿಗುವುದಿಲ್ಲ, ಮತ್ತೆ ಹೊರಡಿಸುತ್ತದೆ. ಇಂಟರ್ನೆಟ್ಟಿನಲ್ಲಿ ಓಡಾಡುವ ಐಪಿ ಪ್ಯಾಕೆಟ್ಟಿಗಾದರೂ ಆಯುಷ್ಯವಿದೆ: ಒಂದೊಂದು ರೌಟರು ದಾಟಿದಾಗಲೂ ಒಂದೊಂದು ಅಂಕಿ ಕಳೆದು ಸೊನ್ನೆಗೆ ಬಂದಾಗ ಅದರ ಕಥೆ ಮುಗಿಯುತ್ತದೆ. ಸ್ವಿಚ್ಚುಗಳ ನಡುವೆ ಈ ಕೂಗನ್ನು ಹೊತ್ತು ತಿರುಗುವ ಈಥರ್ನೆಟ್ ಫ್ರೇಮಿಗೆ ಆ ಲೆಕ್ಕವೇ ಇಲ್ಲ. ಮುಧೋಳ ನಾಯಿಯೂ ಓಡಿ ಓಡಿ ಒಂದು ಹೊತ್ತಿಗೆ ನೆರಳು ಹುಡುಕುತ್ತದೆ, ಇದು ಹುಡುಕುವುದಿಲ್ಲ. ಪ್ರತಿ ಹೊಸ ಕೂಗಿಗೂ ಎರಡೆರಡು ಅಮರ ಪ್ರತಿಗಳು ಸೇರುತ್ತ ಹೋಗಿ ನಿಜವಾದ ಕೆಲಸಕ್ಕೆ ದಾರಿಯೇ ಉಳಿಯುವುದಿಲ್ಲ.

ನಕ್ಕುಬಿಡುವ ಸಂಗತಿಯಲ್ಲ ಇದು. 2002ರ ನವೆಂಬರಿನಲ್ಲಿ ಬೋಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಇಂಥದೇ ಸುತ್ತಿನಲ್ಲಿ ಸಿಕ್ಕಿ, ಡಾಕ್ಟರುಗಳು ದಿನಗಟ್ಟಲೆ ಕಾಗದ-ಪೆನ್ನಿನಲ್ಲಿ ಚೀಟಿ ಬರೆಯಬೇಕಾಯಿತು.

ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್, 1985ರಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದಾಗ. ಸಮಸ್ಯೆ ಒಪ್ಪಿಸಿದ ಮೇಲಧಿಕಾರಿ ರಜೆಗೆ ಹೋದರಂತೆ. ಈಕೆಗೆ ಅದೇ ರಾತ್ರಿ ಉಪಾಯ ಹೊಳೆದು, ಎರಡು ದಿನದಲ್ಲಿ ಬರೆದೂ ಮುಗಿಯಿತು. ಸಾಹೇಬರು ಬರುವ ತನಕ ಮಾಡುವುದೇನು? ಅಲ್ಗಾರಿದಮ್ಮಿನ ಮೇಲೆ ಒಂದು ಪದ್ಯ ಕಟ್ಟಿದರು. ಅದು ಪ್ರಬಂಧದ ಜೊತೆಗೇ ಅಚ್ಚಾಯಿತು. ಬಳೆಗಾರರ ಮನೆಯ ರನ್ನ ಗದಾಯುದ್ಧ ಬರೆದದ್ದನ್ನು ಕಂಡ ಮುಧೋಳದವರಿಗೆ ಇಂಜಿನಿಯರೊಬ್ಬರು ಪದ್ಯ ಬರೆದರೆ ಆಶ್ಚರ್ಯವೇನೂ ಆಗಲಾರದು. ಪರ್ಲ್‌ಮನ್ ಅವರ ಈ ಉಪಾಯದ ಹೆಸರು ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲು. 1990ರಲ್ಲಿ ಅದು 802.1ಡಿ ಎಂಬ ಮಾನಕವಾಯಿತು.

ಸ್ವಿಚ್ಚುಗಳು ಎರಡೆರಡು ಸೆಕೆಂಡಿಗೊಮ್ಮೆ ಪರಸ್ಪರ ಚೀಟಿ ಕಳಿಸಿ ಮೊದಲು ಒಬ್ಬ ಯಜಮಾನನನ್ನು ಆರಿಸುತ್ತವೆ. ಅವನನ್ನು ಮುಟ್ಟಲು ಪ್ರತಿಯೊಂದೂ ಒಂದೇ ಒಂದು ದಾರಿ ಇಟ್ಟುಕೊಂಡು, ಸುತ್ತು ಕಟ್ಟುವ ಹೆಚ್ಚಿನ ದಾರಿಯ ಬಾಗಿಲು ಹಾಕುತ್ತವೆ. ಅಷ್ಟೇ. ಆ ಕಚೇರಿಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಅರ್ಧ ನಿಮಿಷ ಕಾಯಿಸುತ್ತದೆಂದು ಯಾರೋ ಪುಣ್ಯಾತ್ಮರು ಇದನ್ನೇ ಬಂದ್ ಮಾಡಿಟ್ಟಿದ್ದರು. ನಾನು ಮತ್ತೆ ಹಚ್ಚಿದೆ. ಚುನಾವಣೆ ನಡೆಯಿತು. ಗೆದ್ದದ್ದು ಬೀಳಗಿ!

ಎಲ್ಲರ ಆದ್ಯತೆಯ ಅಂಕಿಯೂ ಕಾರ್ಖಾನೆಯಿಂದ ಬಂದಂತೆ 32768. ಸಮವಾದರೆ, ಕಾರ್ಖಾನೆಯಲ್ಲೇ ಬರೆದಿಟ್ಟ ಮ್ಯಾಕ್ ವಿಳಾಸ ಯಾರದು ಚಿಕ್ಕದೋ ಅವರೇ ಯಜಮಾನರು. ಸಾಮಾನ್ಯವಾಗಿ ಅದು ಅತಿ ಹಳೆಯ ಪೆಟ್ಟಿಗೆಯದು. ಯೋಗ್ಯತೆಯನ್ನು ಯಾರೂ ಕೇಳುವುದಿಲ್ಲ. ಹೀಗಾಗಿ 1948ರ ತನಕ ಪಟವರ್ಧನರ ರಾಜಧಾನಿಯಾಗಿದ್ದ ಜಮಖಂಡಿಯೂ ಘೋರ್ಪಡೆಯವರ ಮುಧೋಳವೂ ತಮ್ಮ ನೇರ ದಾರಿ ಮುಚ್ಚಿಸಿಕೊಂಡು, ಹಿಂದಿನ ಕೋಣೆಯ ಧೂಳು ಹಿಡಿದ ಬೀಳಗಿಯ ಮೂಲಕ ಮಾತಾಡುವ ಪ್ರಸಂಗ ಬಂತು. ಜಮಖಂಡಿಯ ಆದ್ಯತೆಯನ್ನು 4096ಕ್ಕೆ ಇಳಿಸಿದೆ. ಇಲ್ಲಿ ಅಂಕಿ ಇಳಿದಷ್ಟೂ ಅಧಿಕಾರ ಏರುತ್ತದೆ. ಪಟ್ಟ ಜಮಖಂಡಿಗೆ ಬಂತು, ಮುಚ್ಚಿದ್ದು ಮುಧೋಳ-ಬೀಳಗಿ ವೈರು.

ಮ್ಯಾನೇಜರಿಗೆ ಈಗ ಬೇರೆಯೇ ಸಂಕಟ. “ರೊಕ್ಕ ಕೊಟ್ಟು ತಂದ ವೈರು ಸುಮ್ನ ಕುಂತೈತೆಲ್ರಿ!” ಸಿಪಾಯಿಯೂ ತಲೆ ಹಾಕಿದ: ಕೂಡಿಸಿದರೂ ಕೂಡಿಸಿದಂತಲ್ಲ ಎಂಬುದು ಅವನ ವೃತ್ತಿಗೇ ಅವಮಾನ. ನಾನು ಮಾತಿಲ್ಲದೆ ಜಮಖಂಡಿ-ಬೀಳಗಿ ವೈರನ್ನು ಕಿತ್ತೆ. ಹಳೇ ಕ್ರಮದಲ್ಲಿ ಯಜಮಾನನ ಹಳೆಯ ಚೀಟಿ ಸವಕಲೆನಿಸಲು 20 ಸೆಕೆಂಡು, ಕಿವಿಗೊಡಲು 15, ಕಲಿಯಲು 15. ಹಿಂದಿನ ಕೋಣೆಯ ಗುಮಾಸ್ತರು ಕೂಗಾಡುವಷ್ಟರಲ್ಲಿ ಸುಮ್ಮನೆ ಕೂತಿದ್ದ ವೈರು ಎದ್ದು ಕೆಲಸಕ್ಕೆ ನಿಂತಿತು. 2001ರಲ್ಲಿ ಬಂದ ರ‍್ಯಾಪಿಡ್ ಕ್ರಮವಾದರೆ ಇಷ್ಟು ಹೊತ್ತೂ ಬೇಡ. ಬೀಳಗಿಯ ವಯಸ್ಸಿಗೆ ಅದು ಬಾರದು. “ಹಂಗಾದ್ರ ಕುಂತಿರಲಿ ಬಿಡ್ರಿ” ಎಂದರು ಮ್ಯಾನೇಜರು. ಸಿಪಾಯಿ ಏನೂ ಅನ್ನಲಿಲ್ಲ.

ಅಗ್ಗದ ಎಂಟು ಬಾಗಿಲಿನ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ವಿದ್ಯೆ ಇರುವುದಿಲ್ಲ. ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ: “ಇದರಾಗ ಸ್ಪ್ಯಾನಿಂಗ್ ಟ್ರೀ ಐತೇನ್ರಿ?” “ವೈಫೈ ಭಾಳ ಛಲೋ ಬರ್ತದ್ರಿ” ಎಂಬ ಉತ್ತರ ಬಂದರೆ, ದಯವಿಟ್ಟು ಮುಂದಿನ ಅಂಗಡಿಗೆ ನಡೆಯಿರಿ.